ಪತ್ರಿಕೆಯಲ್ಲಿ ಸತ್ತ ಅಪ್ಪ

ಯಾವತಾಹಾಮಾ ಬಂದರಿನ ನಮ್ಮ ಶಾಲೆಯಲ್ಲಿ ದಿನಪತ್ರಿಕೆಯನ್ನು ತರಗತಿಯೊಳಗೆ ತಂದವರು ಓರಿಯೆ ಟೀಚರ್. ನಾನು ಅಲ್ಲೇ ಸಂಗೀತ ಕಲಿಸುತ್ತಿದ್ದೆ. ಹದಿನಾಲ್ಕು ವರ್ಷ, ಪ್ರತಿ ಬುಧವಾರ ಅವರ ಐದನೇ ತರಗತಿಯ ಮಕ್ಕಳು ನೆಲದ ಮೇಲೆ ಪತ್ರಿಕೆ ಹರಡಿಕೊಂಡು, ಕತ್ತರಿ ಹಿಡಿದು, ಮಂತ್ರಿಗಳ ಮಾತನ್ನೂ ಕಿತ್ತಳೆಯ ಧಾರಣೆಯನ್ನೂ ಓದಿ ಜಗಳವಾಡುತ್ತಿದ್ದರು. ಅಚ್ಚಾದ ಮಾತಿನ ಮೇಲೆ ಓರಿಯೆಗೆ ಅಪಾರ ನಂಬಿಕೆ.

ಆ ಕೊನೆಯ ವರ್ಷ ಮೇ ತಿಂಗಳಲ್ಲಿ ವರದಿಗಾರನೊಬ್ಬ ಈ ಪಾಠದ ಬಗ್ಗೆಯೇ ಬರೆಯಲು ಬಂದ. ಚಿಹಾರು ಎಂಬ ಹುಡುಗಿಯನ್ನು, "ಮನೇಲಿ ಯಾರ ಜೊತೆ ಪೇಪರ್ ಓದ್ತೀಯಮ್ಮ?" ಎಂದು ಕೇಳಿದ.

"ಅಜ್ಜಿ ಜೊತೆ. ಸಂಜೆ ಅಪ್ಪ ಇರಲ್ಲ."

ಅವಳಪ್ಪ ಮೀನಿನ ವಡೆ ಕರಿದು, ಸಂಜೆ ಹೋಟೆಲುಗಳಿಗೆ ಹಂಚಲು ಹೋಗುವವನು. ವರದಿಯಲ್ಲಿ ಅದು, 'ತಂದೆಯನ್ನು ಕಳೆದುಕೊಂಡ ಬಾಲೆ ಕಣ್ಣೀರಿಡುತ್ತ ಅಜ್ಜಿಗೆ ಓದಿ ಹೇಳುತ್ತಾಳೆ' ಎಂದಾಯಿತು.

ವರದಿ ಬಂದ ಮರುದಿನ ಅವಳಪ್ಪ ಎಣ್ಣೆಯ ಏಪ್ರನ್ನಿನಲ್ಲೇ ಶಾಲೆಗೆ ಬಂದ. "ಟೀಚರ್, ನಾನು ಯಾವಾಗ ಸತ್ತೆ ಅಂತ ನೀವಾದ್ರೂ ಹೇಳಿ! ಆಚೆ ಬೀದಿಯಿಂದ ಇಬ್ಬರು ನನ್ನ ಫೋಟೋ ಮುಂದೆ ಹಚ್ಚೋಕೆ ಊದುಬತ್ತಿ ತಗೊಂಡು ಬಂದಿದ್ರು. ಬಾಗಿಲು ತೆಗೆದವನು ನಾನೇ!" ನಕ್ಕ. ಆಮೇಲೆ ದನಿ ಇಳಿಸಿದ. "ಮಗಳು ಹಾಸಿಗೆ ಬಿಟ್ಟು ಏಳ್ತಿಲ್ಲ. ಅವಳೇ ಸುಳ್ಳು ಹೇಳಿದ್ದಾಳೆ ಅಂತ ಹುಡುಗರು ಆಡ್ಕೊಂಡ್ರಂತೆ."

ಓರಿಯೆ ನನ್ನ ಎದುರಿಗೇ ವರದಿಗಾರನಿಗೆ ಫೋನ್ ಮಾಡಿದರು. ಆ ಕಡೆಯವನ ದನಿ ನನಗೂ ಕೇಳುತ್ತಿತ್ತು. "ಅಯ್ಯೋ, ಓದೋರ ಮನಸ್ಸು ಕರಗಬೇಕಲ್ವಾ ಮೇಡಂ? ನಿಮ್ಮ ಶಾಲೆಗೂ ಹೆಸರು ಬಂತಲ್ಲ."

ಫೋನಿಟ್ಟವರು ಸೀದಾ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. "ಕೊಳೆತ ಮೀನು ಕಚ್ಚಿದ ಹಾಗಾಯ್ತು ಕಣ್ರೀ," ಎಂದರು.

ಹೆಡ್‌ಮಾಸ್ಟರ್ ನಿನೋಮಿಯಾ ಅಷ್ಟರಲ್ಲಿ ಆ ವರದಿಗೆ ಕಟ್ಟು ಹಾಕಿಸಿ ಹೆಬ್ಬಾಗಿಲಲ್ಲಿ ತೂಗುಹಾಕಿದ್ದರು. "ಸಣ್ಣ ತಪ್ಪು ಬಿಡಿ ಟೀಚರ್. ಬರೋ ತಿಂಗಳು ಈ ಪೇಪರ್ ಪಾಠಕ್ಕೆ ನಮಗೆ ಬಹುಮಾನ ಬರೋದಿದೆ. ಈಗ ಕೆದಕಬೇಡಿ."

"ಮಗುವಿನ ಅಪ್ಪನ್ನ ಸಾಯಿಸಿರೋದು ಸಣ್ಣ ತಪ್ಪಾ ಸಾರ್?"

ಅವರು ಟೀ ಹೀರಿದರು.

ಬುಧವಾರ ಓರಿಯೆ ಅದೇ ವರದಿಯನ್ನು ಹಂಚಿ, ನಿಜವಲ್ಲದ್ದರ ಕೆಳಗೆ ಗೆರೆ ಎಳೆಯಿರಿ ಎಂದರು. ಮಕ್ಕಳು ಹನ್ನೊಂದು ಕಡೆ ಎಳೆದರು. ವರದಿಯ ಫೋಟೋದಲ್ಲಿ ಒಬ್ಬ ಹುಡುಗ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದನ್ನೂ ಹುಡುಕಿದರು. ಎಲ್ಲರೂ ಸೇರಿ ಸಂಪಾದಕರಿಗೆ ಕಾಗದ ಬರೆದರು. ಆಡಿಕೊಂಡಿದ್ದ ಹುಡುಗರು ಚಿಹಾರುವಿನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಅವಳನ್ನು ಕರೆತಂದರು.

ಮೂರು ವಾರದ ನಂತರ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು: ವರದಿಯಲ್ಲಿ ಶಿಕ್ಷಕಿಯ ವಯಸ್ಸು ತಪ್ಪಾಗಿತ್ತು, ವಿಷಾದಿಸುತ್ತೇವೆ. ಅಪ್ಪನ ಸುದ್ದಿಯೇ ಇಲ್ಲ. ಮಕ್ಕಳು ಓರಿಯೆಯ ಮುಖ ನೋಡಿದರು.

ಬಹುಮಾನ ತರಲು ಓರಿಯೆ ಹೋಗಲಿಲ್ಲ. ಹೆಡ್‌ಮಾಸ್ಟರ್ ಹೋಗಿ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಬಂದರು. ಮರುವರ್ಷ ಏಪ್ರಿಲ್‌ನಲ್ಲಿ ಓರಿಯೆಗೆ ಒಂದು ದ್ವೀಪದ ಶಾಲೆಗೆ ವರ್ಗವಾಯಿತು.

ದೋಣಿಗಟ್ಟೆಯಲ್ಲಿ ಕೇಳಿದೆ, "ಅಲ್ಲೂ ಪೇಪರ್ ಪಾಠ ಮಾಡ್ತೀರಾ?"

"ಮಾಡ್ದೆ ಇನ್ನೇನು? ಮುಟ್ಟೋಕೇ ಹೇಸಿಗೆ ಆಗುತ್ತೆ. ಆದ್ರೆ ಅಂಥವನು ಬರೆದದ್ದನ್ನ ಅಲ್ಲಿನ ಮಕ್ಕಳೂ ನಾಳೆ ಓದೇ ಓದ್ತಾರಲ್ಲ, ಎಲ್ಲಿ ಗೆರೆ ಎಳೀಬೇಕು ಅಂತ ಗೊತ್ತಿರಲಿ," ಎಂದು ಬ್ಯಾಗ್ ಎತ್ತಿಕೊಂಡರು.