ಒಂದು ಗಂಟೆಯ ನೆಟ್ಟ ಗೆರೆ

ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ಆ ವೀಕ್ಷಣಾಲಯದಲ್ಲಿ ಅವನನ್ನು ಎಲ್ಲರೂ ಆಂಟೆನಾ ಮಾವ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಬೋಲ್ಟು ಬಿಗಿದು, ತುಕ್ಕು ಕೆರೆದು, ಕಾಗದದ ಸುರುಳಿ ಬದಲಿಸಿದವನು. ಓದು ಅಷ್ಟಕ್ಕಷ್ಟೇ. ಆದರೆ ಸೂರ್ಯ ಸಿಡಿದಾಗ ಎಲೆಕ್ಟ್ರಾನುಗಳು ಎದ್ದೆನೋ ಬಿದ್ದೆನೋ ಎಂದು ಓಡುತ್ತವೆ, ಆ ಓಟದ ಗದ್ದಲ ಎಂಟು ನಿಮಿಷಕ್ಕೆ ನಮ್ಮ ಆಂಟೆನಾ ಮುಟ್ಟಿ ಕಾಗದದ ಮೇಲೆ ಓರೆ ಗೆರೆಯಾಗುತ್ತದೆ ಎಂಬುದನ್ನು ಅವನಷ್ಟು ಚೆನ್ನಾಗಿ ಹೇಳುವವರು ಅಲ್ಲಿರಲಿಲ್ಲ. ಗೆರೆ ಓರೆಯಾಗಿದ್ದರೆ ಸೂರ್ಯ. ನೆಟ್ಟಗಿದ್ದರೆ ಇಲ್ಲೇ ನೆಲದ ಮೇಲಿನ ಯಾವುದೋ ದರಿದ್ರ ಯಂತ್ರದ ಕಿಡಿ.

ಆ ದರಿದ್ರ ಯಂತ್ರ ಬಹುಪಾಲು ಅವನ ಹೆಂಡತಿಯ ಮೊಪೆಡ್ಡೇ. ದಿನಾ ಒಂದು ಗಂಟೆಗೆ ಊಟದ ಡಬ್ಬಿ ತರುವಳು. ಕಾಗದದ ಮೇಲೆ ನೆಟ್ಟ ಗೆರೆ ಬೀಳುವುದು.

"ಸೂರ್ಯನ ಮುಖಕ್ಕೇ ಗೀಚಿಬಿಟ್ಯಲ್ಲೇ!"

"ಡಬ್ಬಿ ಬೇಕೋ ಸೂರ್ಯ ಬೇಕೋ, ನೀವೇ ಹೇಳ್ರೀ" ಎಂದು ಅವಳು ನಗುವಳು.

ಒಂದು ದಿನ ಆ ಗೆರೆ ದೊಡ್ಡದೊಂದು ಸ್ಫೋಟದ ಮೇಲೆಯೇ ಬಿತ್ತು. ಮುಖ್ಯಸ್ಥರು ಅವನಿಗೆ ಬೈದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಎಲ್ಲರೆದುರೇ ಅವಳ ಮೇಲೆ ಹರಿಹಾಯ್ದ: "ಇನ್ನೊಂದ್ಸಲ ಆ ಡಬ್ಬಾ ಗಾಡಿ ಇಲ್ಲಿ ಕಂಡ್ರೆ ನೋಡು!" ಅವಳು ಡಬ್ಬಿ ಇಟ್ಟು ಹೋದಳು. ಮರುದಿನವೂ ಒಂದು ಗಂಟೆಗೆ ಡಬ್ಬಿ ಬಂತು. ಹೇಗೆ ಬಂದೆ ಎಂದು ಕೇಳುವ ಬುದ್ಧಿ ಆ ಪುಣ್ಯಾತ್ಮನಿಗೆ ಎಲ್ಲಿತ್ತು?

ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಹಳೆಯ ಸುರುಳಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಎಸೆಯುತ್ತಿದ್ದಾರೆ. ನೆಟ್ಟ ಗೆರೆಗಳನ್ನು ಗುರುತು ಮಾಡುವುದು ಮಾವನ ಕೆಲಸ. ಗುರುತು ಬಿದ್ದದ್ದನ್ನು ಕಂಪ್ಯೂಟರು ಅಳಿಸುತ್ತದೆ. ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದ. ಅವಳು ಬಂದ ಒಂದೊಂದು ದಿನವೂ ಅಲ್ಲಿ ಗೆರೆಯಾಗಿ ಕೂತಿದೆಯಲ್ಲ! ಅಳಿಸುವ ಮುಂಚೆ ಎಲ್ಲವನ್ನೂ ಒಮ್ಮೆ ಮುಟ್ಟಬೇಕು, ಅಷ್ಟೇ ಅವನ ಆಸೆ.

ಮೊಪೆಡ್ ಕೊಂಡ ಮೊದಲೆರಡು ವರ್ಷದ ಸುರುಳಿಗಳಲ್ಲಿ ಅವಳಿದ್ದಳು. ಒಂದು ದಿನ ಗೆರೆ ಬಿದ್ದದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ: ಅಂದು ಟೈರು ಪಂಕ್ಚರ್. ಬೈದ ದಿನದ ಸುರುಳಿ ಬಂತು. ಅದರಾಚೆ ಒಂದು ಗಂಟೆಗೆ ಏನೂ ಇಲ್ಲ. ಬಿಚ್ಚಿದ, ಇನ್ನೊಂದು ಬಿಚ್ಚಿದ, ಮತ್ತೊಂದು ಬಿಚ್ಚಿದ. ಅವಳಿಲ್ಲ.

"ಮಾವ, ಈ ಹನ್ನೊಂದು ವರ್ಷ ಎಷ್ಟು ಸ್ವಚ್ಛವಾಗಿದೆ!" ಎಂದಳು ಸುರುಳಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ವಿಜ್ಞಾನಿ ಹುಡುಗಿ. "ಒಂದು ಸ್ಫೋಟವೂ ಕೆಟ್ಟಿಲ್ಲ. ಆ ಗೆರೆ ಹೇಗೆ ನಿಲ್ಲಿಸಿದ್ರಿ?"

ಮಾವ ಕಿಟಕಿಯಾಚೆ ನೋಡಿದ. ದೊಡ್ಡ ರಸ್ತೆಯಿಂದ ಗೇಟಿಗೆ ಒಂದೂವರೆ ಕಿಲೋಮೀಟರು. ಆಂಟೆನಾಗೆ ಅಡ್ಡ ಎಂದು ಅಲ್ಲಿ ಒಂದು ಗಿಡವನ್ನೂ ಬೆಳೆಯಗೊಡದವನು ಅವನೇ. ಡಬ್ಬಿ ಕೊಡುವಾಗ ಅವಳ ಮುಖವೆಲ್ಲ ಬೆವರು. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಸುತ್ತೀಯಲ್ಲೇ ಎಂದು ಅದಕ್ಕೂ ರೇಗಿಸಿದ್ದ.

"ನಾನು ನಿಲ್ಲಿಸ್ಲಿಲ್ಲಮ್ಮಾ" ಎಂದ. "ಅವಳು ಗಾಡೀನ ರಸ್ತೇಲೇ ಬಿಟ್ಟು ನಡ್ಕೊಂಡು ಬರ್ತಿದ್ಲು. ಮಟಮಟ ಮಧ್ಯಾಹ್ನ. ದಿನಾ."

ಹುಡುಗಿ ಗೆರೆಗಳಿದ್ದ ಹಳೆಯ ಸುರುಳಿಯೊಂದನ್ನು ಅವನ ಮುಂದಿಟ್ಟಳು. "ಹೇಗೂ ಎಸೀತಾರೆ ಮಾವ. ಇದನ್ನ ಮನೆಗೆ ತಗೊಂಡು ಹೋಗಿ."

"ಅದು ಬೇಡಮ್ಮಾ" ಎಂದ ಮಾವ. "ಒಂದು ಗಂಟೆ ಹತ್ರ ಖಾಲಿ ಇರೋದೇ ಕೊಡು."