ಅಳತೆ ರವಿಕೆ

ನಮ್ಮ ಟೈಲರಮ್ಮ ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಗದರುತ್ತಿದ್ದರು. ಸೂಜಿ ಒಮ್ಮೆಯೂ ಬಿದ್ದದ್ದಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವರಿಗೆ, "ಮದ್ವೆ ಮನೇಲಿ ಊಟ ಮಾಡಲ್ವೇನ್ರೀ? ಉಸ್ರು ಬಿಡ್ರೀ," ಎನ್ನುತ್ತಿದ್ದರು. ಯಸಳೂರಿನ ಅವರ ಒಂಟಿ ಕೋಣೆಯಲ್ಲಿ ಎಸ್ಟೇಟ್ ಮಾಲೀಕರ ಮನೆಯವರದ್ದೂ ಕೂಲಿ ಲೈನಿನ ಹೆಂಗಸರದ್ದೂ ಅಳತೆ ರವಿಕೆಗಳು ಒಂದೇ ಗಂಟಿನಲ್ಲಿದ್ದವು. ಪ್ರತಿ ಸಲ ಅಳತೆ ಕೊಡುವ ರಗಳೆ ಬೇಡವೆಂದು ಎಲ್ಲರೂ ಒಂದು ಹಳೆಯ ರವಿಕೆಯನ್ನು ಅಲ್ಲೇ ಬಿಟ್ಟಿರುತ್ತಿದ್ದೆವು.

ನಾನು ಪಿಯುಸಿ ಓದುವಾಗ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಮಂಗಳೂರಿನಲ್ಲಿ ಎಡಗಡೆಯದನ್ನು ತೆಗೆದರು. ಆರು ತಿಂಗಳ ಮೇಲೆ ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು ಮಷೀನಿಗೆ ಎಣ್ಣೆ ಬಿಟ್ಟರು. ನಮ್ಮೂರ ಹೆಂಗಸರು ಕಿತ್ತಳೆಹಣ್ಣು ಹಿಡಿದು ನೋಡಲು ಹೋದರು, ಕಣ್ಣೀರು ಹಾಕಿದರು, ಬರುವಾಗ ಏನೋ ನೆಪ ಹೇಳಿ ತಮ್ಮ ತಮ್ಮ ಅಳತೆ ರವಿಕೆ ವಾಪಸ್ ತಂದರು. ಆ ಕಾಯಿಲೆ ಅಂಟುತ್ತದೆ ಎಂದು ಹಿಂದಿನಿಂದ ಪಿಸುಗುಟ್ಟುತ್ತಿದ್ದರು. ಇನ್ನು ಕೆಲವರಿಗೆ ಅವರ ಮುಂದೆ ಎದೆಯ ಅಳತೆಗೆ ನಿಲ್ಲುವುದೇ ಮುಜುಗರ. ಎದುರಿಗೆ ಮಾತ್ರ ಎಲ್ಲರದ್ದೂ ಒಂದೇ ಮಾತು, ರೆಸ್ಟ್ ತಗೊಳ್ಳಿ ಅಂತ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ನಂಗೆ ರೆಸ್ಟ್ ಬ್ಯಾಡ ಕಣ್ರೀ, ಬಟ್ಟೆ ಕೊಡಿ," ಎಂದು ಅವರು ಬಾಯಿಬಿಟ್ಟೇ ಕೇಳಿದ್ದರು.

ನಮ್ಮ ಅಳತೆ ರವಿಕೆಗಳನ್ನು ತರಲು ಅಮ್ಮ ನನ್ನನ್ನು ಕಳಿಸಿದಳು. ಇನ್ನು ಅಮ್ಮ ಮನೆಯಲ್ಲೇ ಹೊಲಿಯುತ್ತಾಳಂತೆ ಎಂದು ಸುಳ್ಳು ಹೇಳಿದೆ. ನಮ್ಮ ಮನೆಯಲ್ಲಿ ಮಷೀನೇ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಗದರಲಿಲ್ಲ. ಗಂಟಿನಲ್ಲಿ ಉಳಿದಿದ್ದ ಎರಡೂ ನಮ್ಮವೇ. ನನ್ನ ರವಿಕೆಯನ್ನು ನನ್ನ ತೋಳಿಗೆ ಹಿಡಿದು ನೋಡಿದರು, ಕೂತು ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು, ಮಡಿಸಿ ಕೈಗಿಟ್ಟರು.

"ತೋಳು ಅರ್ಧ ಇಂಚು ಬಿಟ್ಟಿದೀನಿ, ಬೆಳ್ದಿದೀಯ. ಹೊಸ ಟೈಲರ್‌ಗೆ ಹೇಳು."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಎರಡೂ ರವಿಕೆ ಹಿಡಿದು ಮನೆಗೆ ಬಂದೆ.

ಆಮೇಲೆ ಅವರು ಎಸ್ಟೇಟ್ ಸ್ಟೋರಿನ ಹರಿದ ಗೋಣಿಚೀಲ ಹೊಲಿದು ಬದುಕಿದರು. ಕಾಫಿ ಬೀಜಕ್ಕೆ ಕಾಯಿಲೆ ಅಂಟುವ ಭಯವಿರಲಿಲ್ಲವಲ್ಲ. ಆ ಗೋಣಿನಾರಿನ ಧೂಳಿನಲ್ಲಿ ನಾಲ್ಕು ವರ್ಷ ಕೂತರು. ಕಾಯಿಲೆ ಮತ್ತೆ ಕಾಣಿಸಿಕೊಂಡು ತೀರಿಹೋದರು.

ಹತ್ತಿರ ಸುಳಿಯದಿದ್ದವರೆಲ್ಲ ಅವತ್ತು ಹೆಣದ ಸುತ್ತ ಒತ್ತಿಕೊಂಡು ಕೂತಿದ್ದರು. "ಎಂಥಾ ಕೈ ಅದು! ಒಂದಿನಾನೂ ಬಿಗಿ ಆಗ್ನಿಲ್ಲ, ಸಡ್ಲ ಆಗ್ನಿಲ್ಲ," ಎಂದು ನಮ್ಮಮ್ಮ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆ ಕೈಗೆ ಕೆಲ್ಸ ಕೊಡ್ನಿಲ್ವಲ್ಲಮ್ಮ ನಾವು," ಎಂದೆ.

ಅಳು ನಿಂತಿತು. ಅಮ್ಮ ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ನಾಲ್ಕು ವರ್ಷ ತಡವಾಗಿ ಆಡಿದ ಮಾತು ಅದು. ಕೇಳಬೇಕಿದ್ದವರು ಚಾಪೆಯ ಮೇಲೆ ಮಲಗಿದ್ದರು.