ಅಲುಗಾಡದವರ ದೀಪ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ದೀಪದಕ್ಕ ಆಸ್ಪತ್ರೆಯ ಕೋಣೆಯೊಂದರಲ್ಲಿ ನಿಂತು, ಟೇಬಲ್ ಫ್ಯಾನಿಗೆ ದಾರದಲ್ಲಿ ಕಟ್ಟಿದ್ದ ಖಾಲಿ ಮಾತ್ರೆ ಪಟ್ಟಿಯೊಂದು ಪಟಪಟ ಹಾರಾಡುವುದನ್ನು ನೋಡುತ್ತಿದ್ದಳು. ಕಟ್ಟಡಗಳಿಗೆ ದೀಪದ ವ್ಯವಸ್ಥೆ ಗೊತ್ತುಮಾಡುವ ಎಂಜಿನಿಯರ್ ಅವಳು. ದೀಪದಕ್ಕ ಎಂಬ ಅಡ್ಡಹೆಸರು ಇಟ್ಟವನು ಭಾವ. ಅಕ್ಕನ ಗಂಡ, ಅವಳು ದುಡಿಯುವ ಕಚೇರಿಯ ಯಜಮಾನ.

ಬೆನ್ನುಹುರಿಗೆ ಪೆಟ್ಟು ಬಿದ್ದವರಿಗಾಗಿ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿತ್ತು; ಅದರ ದೀಪದ ಕೆಲಸ ಭಾವನ ಕಚೇರಿಯದು. ವಿದ್ಯುತ್ ಉಳಿಸುವ ಕಟ್ಟಡವೆಂದು ಅದಕ್ಕೆ ಆಗಲೇ ಬೋರ್ಡು ಬಿದ್ದಿತ್ತು. ಭಾವ ಒಬ್ಬ ಡೀಲರನ ಸೆನ್ಸರುಗಳಿಗೆ ಮನಸೋತು, ಪರೀಕ್ಷೆಗೆಂದು ಈ ಹಳೆಯ ಕೋಣೆಯಲ್ಲಿ ಒಂದನ್ನು ಕೂರಿಸಿದ್ದ. ಅಲುಗಾಟ ಕಂಡರೆ ದೀಪ ಉರಿಯುತ್ತದೆ, ಕಾಣದಿದ್ದರೆ ಆರುತ್ತದೆ. ಸ್ವಿಚ್ಚನ್ನು ಕಿತ್ತುಹಾಕಿದ್ದರು.

"ಇದನ್ನ ಕಟ್ಟಿದ್ಯಾರು?" ಎಂದಳು.

ಹಾಸಿಗೆಯಲ್ಲಿದ್ದ ಮಾಜಿ ಲಾರಿ ಚಾಲಕನಿಗೆ ಕುತ್ತಿಗೆಯಿಂದ ಕೆಳಗೆ ಏನೂ ಆಡದು. ಪುಟ ತಿರುವಲು ಬಾಯಲ್ಲಿ ಕಚ್ಚಿದ್ದ ಕಡ್ಡಿಯನ್ನು ಅವನು ಪುಸ್ತಕದ ಮೇಲೆ ಬಿಟ್ಟ.

"ನರ್ಸಮ್ಮ. ನಾನು ಓದ್ತಿದ್ರೆ ಆ ಡಬ್ಬಿ ನಾನು ಸತ್ತೆ ಅಂತ ತೀರ್ಮಾನ ಮಾಡುತ್ತೆ. ಬದುಕಿದೀನಿ ಅನ್ನೋಕೆ ಕೈ ಎತ್ತಬೇಕಂತೆ. ಕೈ ಎತ್ತೋ ಹಾಗಿದ್ರೆ ನಾನ್ಯಾಕಕ್ಕ ಇಲ್ಲಿ ಬಿದ್ದಿರ್ತಿದ್ದೆ? ಹೊಸ ಕಟ್ಟಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಫ್ಯಾನೇ ಇಲ್ವಂತೆ. ಓದೋದು ಅಲ್ಲಿಗೆ ಮುಗೀತು."

ಮಾತ್ರೆ ಪಟ್ಟಿಯ ದಯೆಯಿಂದ ದೀಪ ಹಗಲಿರುಳೂ ಉರಿಯುತ್ತಿತ್ತು. ಉಳಿತಾಯ ಸೊನ್ನೆ.

ಮರುದಿನ ಕಚೇರಿಯ ಸಭೆಗೆ ಡೀಲರ್ ಬಂದ. ಮಾತಿಗೊಮ್ಮೆ 'ಸ್ಮಾರ್ಟ್' ಎನ್ನುವ, ತಾನು ಮಾರುವುದನ್ನು ಒಮ್ಮೆಯೂ ಬಳಸಿ ನೋಡದ ಜಾತಿ. ಪ್ರದರ್ಶನಕ್ಕೆಂದು ತಂದ ಸೆನ್ಸರಿನ ಮುಂದೆ ಕೈ ಬೀಸಿದ, ದೀಪ ಹತ್ತಿತು. ಭಾವ ಬೊಂಬೆಯಾಟ ಕಂಡ ಮಗುವಿನಂತೆ ತಲೆದೂಗಿದ. ಕೈ ಬೀಸಿದರೆ ಬೀದಿನಾಯಿಯೂ ತಿರುಗಿ ನೋಡುತ್ತದೆ ಎಂದುಕೊಂಡಳು ದೀಪದಕ್ಕ.

"ಉಸಿರಾಡಿದ್ರೂ ಗೊತ್ತಾಗುತ್ತೆ ಮೇಡಂ."

"ಹಾಗಾದ್ರೆ ಸುಮ್ಮನೆ ಕೂತು ಉಸಿರಾಡಿ."

ಕೂತ. ಮೇಜಿನಡಿ ಅವನ ಕಾಲು ಕುಣಿಯುವುದು ನಿಲ್ಲಲಿಲ್ಲ, ದೀಪವೂ ಆರಲಿಲ್ಲ. ಗೆದ್ದವನಂತೆ ನಕ್ಕ. ಅವಳು ಸೆನ್ಸರನ್ನು ಎತ್ತಿ ಭಾವನ ಎದುರಿಗಿಟ್ಟು, ಡೀಲರಿಗೆ ಅವನ ನಕ್ಷೆಗಳನ್ನೆಲ್ಲ ವಿವರಿಸಲು ಹೇಳಿದಳು. ಊಟದ ನಂತರದ ಹೊತ್ತು. ಮೂರನೆಯ ನಕ್ಷೆಗೆ ಭಾವನ ಕಣ್ಣು ಮುಚ್ಚಿತು, ಸ್ವಲ್ಪ ಹೊತ್ತಿಗೆ ದೀಪವೂ ಆರಿತು.

"ಭಾವ ಉಸಿರಾಡ್ತಾ ಇದ್ದಾರೆ, ಗೊರಕೆ ಕೇಳಿಸ್ತಿದೆ" ಎಂದಳು. "ನಿಮ್ಮ ಡಬ್ಬಿ ಮಾತ್ರ ಅವರನ್ನ ಸಾಗಹಾಕಿಬಿಡ್ತು."

ಡೀಲರ್ ಬೆವರು ಒರೆಸಿಕೊಂಡ. "ಪೇಷಂಟುಗಳೂ ಸ್ವಲ್ಪ ಸಹಕರಿಸಬೇಕು ಮೇಡಂ."

ಅವಳು ಅವನತ್ತ ಮತ್ತೆ ತಿರುಗಲೇ ಇಲ್ಲ. ಎದ್ದು ಕೂತ ಭಾವನಿಗೆ ತನ್ನ ಯೋಜನೆ ಹೇಳಿದಳು. ಓಡಾಟದ ಜಾಗಗಳಿಗೆ, ಅಂದರೆ ಪಡಸಾಲೆ, ಉಗ್ರಾಣ, ಶೌಚಾಲಯಗಳಿಗೆ ಸೆನ್ಸರ್ ಇರಲಿ. ಕಿಟಕಿ ಪಕ್ಕದ ದೀಪಗಳು ಬಿಸಿಲು ನೋಡಿ ತಾವೇ ಮಂಕಾಗಲಿ. ಹಾಸಿಗೆಯ ಓದುದೀಪಕ್ಕೆ ಮಾತ್ರ ಗದ್ದದಿಂದ ಒತ್ತುವ ಸ್ವಿಚ್.

"ಅವನಿಗೆ ಮಾತು ಕೊಟ್ಟಾಗಿದೆ ಕಣೇ. ಕಟ್ಟಡವೆಲ್ಲ ಒಂದೇ ಥರ ಇರಬೇಕು."

"ಹಾಗಾದ್ರೆ ನನ್ನ ಸಹಿ ಇಲ್ಲ."

ಅವಳ ಸಹಿಯಿಲ್ಲದೆ ದೀಪಗಳ ನಕ್ಷೆ ಮುಂದೆ ಹೋಗುವಂತಿರಲಿಲ್ಲ. ಭಾವ ಹಲ್ಲು ಕಡಿದು ಒಪ್ಪಿದ; ಮುಂದಿನ ಕಟ್ಟಡದ ಕೆಲಸವನ್ನು ತಲೆಯಾಡಿಸುವ ಇನ್ನೊಬ್ಬನಿಗೆ ಕೊಟ್ಟ. ಲಾರಿ ಚಾಲಕ ಹೊಸ ಕೋಣೆಗೆ ಹೋದ ಮೇಲೆ, ಗದ್ದ ನೋಯುವಷ್ಟು ಸಲ ದೀಪ ಹಾಕಿ ಆರಿಸಿದನೆಂದು ನರ್ಸಮ್ಮ ಹೇಳಿದಳು.

ಅಕ್ಕನ ಮನೆಯಲ್ಲಿ ಭಾವ ಈಗಲೂ ದೀಪದಕ್ಕನೊಡನೆ ಮಾತಾಡುವುದಿಲ್ಲ. ಏನಕ್ಕೆ ಜಗಳವೆಂದು ಅಕ್ಕ ಕೇಳಿದರೆ, ಅವರನ್ನೇ ಕೇಳು ಎನ್ನುತ್ತಾಳೆ ಇವಳು. ಭಾವ ಹೇಳಲಾರ. ಏಕೆಂದರೆ ಅಂದು ಸಭೆಯಲ್ಲಿ, ಡೀಲರನ ಎದುರಿಗೇ, "ಒಂದು ಹಾಸಿಗೆಯ ದೀಪ ಎಷ್ಟು ಕರೆಂಟ್ ತಿನ್ನುತ್ತೆ ಅಂತ ನನ್ನ ಮರ್ಯಾದೆ ಕಳೀತಿದೀಯ?" ಎಂದು ಗದರಿದವನು ಅವನೇ. ಅವಳು ದನಿ ಏರಿಸದೆ ಹೇಳಿದ್ದಳು:

"ಒಂಬತ್ತು ವ್ಯಾಟ್."